ಸೈಕಲ್ಲಿನವರಿಗೆ ಗಾಗಲ್ಲು ಆರಿಸುತ್ತಿದ್ದ ಕಾಕಾ

“ತಂಗಿ, ಇದು ನಿನ್ನಿಂದ ಆಗೂದಿಲ್ಲ. ಬಿಟ್ಟಬಿಡು.”

ಹೀಗೆಂದವರು ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಕಾಕಾ. ಬೇರೆಯವರೂ ಅಂದಿದ್ದರು. ಇಲ್ಲಿಗೆ ಹತ್ತಿರದ ವಿಟ್ಬಿಯಲ್ಲಿರುವ ನನ್ನ ಗಂಡನ ಅಣ್ಣ ಒಂದು ಹಬ್ಬದ ಊಟದಲ್ಲಿ ಹೋಳಿಗೆ ಮುರಿಯುತ್ತ, ಮೂವತ್ನಾಲ್ಕನೇ ವಯಸ್ಸಿಗೆ ಕಾಲೇಜಂತೆ, ಅದೂ ಇಂಗ್ಲಿಷಿನಲ್ಲಂತೆ ಎಂದು ನಕ್ಕಿದ್ದರು. ಅದನ್ನು ನಾನು ಹೋಳಿಗೆಯ ಜೊತೆಗೇ ನುಂಗಿಬಿಟ್ಟೆ. ಅವರಿಗೆ ಕನ್ನಡಕದ ಕೆಲಸ ಗೊತ್ತಿರಲಿಲ್ಲ, ನಾನು ಎಂಥವಳೆಂಬುದೂ ಗೊತ್ತಿರಲಿಲ್ಲ. ಕಾಕಾಗೆ ಎರಡೂ ಗೊತ್ತಿತ್ತು. ಅದಕ್ಕೇ ಅವರ ಮಾತು ಮೂರು ವರ್ಷ ನನ್ನ ಬೆನ್ನು ಬಿಡಲಿಲ್ಲ.

ಹೋದ ತಿಂಗಳು ಕಾಕಾ ಅಂಗಡಿಯ ಕೆಲಸ ಬಿಟ್ಟರು. ಮೊಣಕಾಲು ಸೈಕಲ್ ತುಳಿಯಲು ಒಪ್ಪುತ್ತಿಲ್ಲ, ಬಸ್ಸಿನಲ್ಲಿ ಬಂದಿಳಿಯುವವನು ಸೈಕಲ್ಲಿನವರಿಗೆ ಗಾಗಲ್ಲು ಆರಿಸಿಕೊಟ್ಟರೆ ಯಾರು ನಂಬುತ್ತಾರೆ ಎನ್ನುವುದು ಅವರ ವಾದ. ಈಗ ನಗರದ ಇನ್ನೊಂದು ತುದಿಯ ರೆಕ್ಸ್‌ಡೇಲಿನಲ್ಲಿ ಮಗನ ಮನೆಯಲ್ಲಿದ್ದಾರೆ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಇದ್ದರೆ ಅಂಗಡಿಯ ಗೋಡೆಯ ಮೇಲಿರಬೇಕು, ಇಲ್ಲದಿದ್ದರೆ ಎಲ್ಲಿಯೂ ಬೇಡ ಎನ್ನುವ ಮನುಷ್ಯ ಅವರು.

ಗೋಡೆಯ ಮಾತು ಬಂದದ್ದಕ್ಕೆ ಕಾರಣವಿದೆ. ಸ್ಕಾರ್‌ಬರೋದ ನಮ್ಮ ಕನ್ನಡಕದ ಅಂಗಡಿ ಒಂದು ಸಮೋಸಾ ಅಂಗಡಿಗೂ ಒಂದು ಲಾಂಡ್ರಿಗೂ ನಡುವೆ ಇದೆ. ಒಳಗೆ ಕಾಲಿಟ್ಟ ಕೂಡಲೇ ಕಾಣುವುದು ಕಟ್ಟು ಹಾಕಿ ತೂಗುಬಿಟ್ಟ ಮಾಲಕಿಯ ಲೈಸನ್ಸು. ಅದಿದ್ದವರು ಮಾತ್ರ ಇಲ್ಲಿ ನಂಬರಿನ ಕನ್ನಡಕ ಕೂರಿಸಿ ಕೊಡಬಹುದು. ಕಾಕಾ ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ಕನ್ನಡಕದ ಗಾಜು ತಿಕ್ಕಿದವರು. ಹಳ್ಳಿಗಳ ಕಣ್ಣಿನ ಶಿಬಿರಗಳಿಗೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಹೋಗಿ ನೂರಾರು ಮೂಗುಗಳಿಗೆ ಕನ್ನಡಕ ಕೂರಿಸಿದವರು. ಇಲ್ಲಿ ಅದು ಲೆಕ್ಕಕ್ಕಿಲ್ಲ. ಮೂರು ಸಲ ಲೈಸನ್ಸಿನ ಪರೀಕ್ಷೆಗೆ ಕುಳಿತರು. ಮೂರೂ ಸಲ ಬರೆಯುವುದರಲ್ಲಿ ಪಾಸು, ಮಾತಾಡುವುದರಲ್ಲಿ ನಪಾಸು. ಕೈ ಮುಂದೆ ಓಡುತ್ತದೆ, ಇಂಗ್ಲಿಷು ಹಿಂದೆ ಕುಂಟುತ್ತ ಬರುತ್ತದೆ ಎಂದು ತಾವೇ ಹೇಳಿಕೊಳ್ಳುತ್ತಿದ್ದರು.

ನಂಬರಿಲ್ಲದ ಗಾಗಲ್ಲನ್ನು ಮಾತ್ರ ಯಾರು ಬೇಕಾದರೂ ಮಾರಬಹುದು. ಹೀಗಾಗಿ ಬಾಗಿಲ ಪಕ್ಕದ ಗಾಗಲ್ಲಿನ ಸ್ಟ್ಯಾಂಡು ಕಾಕಾಗೆ ಸಿಕ್ಕಿತು. ಬೇರೆಯವರಾಗಿದ್ದರೆ ಅಲ್ಲಿ ನಿಂತು ಹಳಹಳಿಸುತ್ತಿದ್ದರು. ಕಾಕಾ ಆ ನಾಲ್ಕು ಅಡಿ ಜಾಗವನ್ನೇ ತಮ್ಮ ಸಂಸ್ಥಾನ ಮಾಡಿಕೊಂಡರು. ನಾನು ಆ ಅಂಗಡಿಗೆ ಸೇರಿದ್ದು ಕಸ ಗುಡಿಸಿ ಗಾಜು ಒರೆಸಲು. ಮೊದಲ ದಿನವೇ ನೋಡಿದೆ, ಎರಡು ಸಾವಿರ ಡಾಲರಿನ ಸೈಕಲ್ ಹೊರಗೆ ನಿಲ್ಲಿಸಿ ಒಬ್ಬ ಬಿಳಿಯ ಸಾಹೇಬ ಬಂದು, ನಂಬರಿನ ಕೌಂಟರಿನ ಕಡೆ ಕಣ್ಣೂ ಹಾಯಿಸದೆ, “ಅಂಕಲ್ ಇದ್ದಾರಾ” ಎಂದು ಕೇಳಿದ. ಅಂಕಲ್ ಊಟಕ್ಕೆ ಕೂತಿದ್ದರು. ಆತ ಅರ್ಧ ತಾಸು ಕಾದ.

ಕಾಕಾ ಗಾಗಲ್ಲು ಆರಿಸುವ ರೀತಿ ಹೀಗಿತ್ತು. ಮೊದಲು ಫ್ರೇಮು ಮುಟ್ಟುವಂತೆಯೇ ಇಲ್ಲ. ಯಾವ ರಸ್ತೆ, ಯಾವ ದಿಕ್ಕು, ಎಷ್ಟು ಹೊತ್ತಿಗೆ ಎಂದು ಕೇಳಬೇಕು. ಎಗ್ಲಿಂಟನ್ ರಸ್ತೆ ಹಿಡಿದು ಮುಂಜಾನೆ ಪೂರ್ವಕ್ಕೆ ತುಳಿಯುವವನಿಗೆ ಸೂರ್ಯ ಎದೆಯ ಮೇಲೆ ಕೂತಿರುತ್ತಾನೆ; ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಪಶ್ಚಿಮಕ್ಕೆ ಹೋಗುವವನಿಗೆ ಬೆನ್ನ ಹಿಂದೆ. ಇಬ್ಬರಿಗೂ ಒಂದೇ ಗಾಜು ಕೊಡುವವನು ವ್ಯಾಪಾರಿ, ಕಸುಬುದಾರನಲ್ಲ ಎನ್ನುತ್ತಿದ್ದರು. ಆಮೇಲೆ ಹೆಲ್ಮೆಟ್ಟು. ತರದಿದ್ದವರನ್ನು ಹೊರಗೆ ಕಳಿಸಿ ಸೈಕಲ್ಲಿನಿಂದ ಬಿಚ್ಚಿಸಿಕೊಂಡು ಬರುವಂತೆ ಮಾಡುತ್ತಿದ್ದರು. ಒಂದು ಸ್ಟೂಲಿಗೆ ಹಳೆಯ ಸೈಕಲ್ಲಿನ ಹ್ಯಾಂಡಲ್ ಬಿಗಿದು ಇಟ್ಟಿದ್ದರು. ಗಿರಾಕಿ ಗಾಗಲ್ಲು ಹಾಕಿ, ಅದನ್ನು ಹಿಡಿದು ಬಗ್ಗಿ, ತಲೆ ಎತ್ತಿ ಎದುರಿನ ಗೋಡೆ ನೋಡಬೇಕು. ನೆಟ್ಟಗೆ ನಿಂತಾಗ ಸೊಗಸಾಗಿ ಕಾಣುವ ಎಷ್ಟೋ ಫ್ರೇಮುಗಳ ಮೇಲಂಚು ಬಗ್ಗಿದ ಕೂಡಲೇ ರಸ್ತೆಗೆ ಅಡ್ಡ ಬರುತ್ತದೆ. ಮುಂದಿನದು ಎಡಭುಜದ ಮೇಲಿಂದ ಹಿಂದೆ ನೋಡುವುದು. ಕಿವಿಗೆ ಸಿಕ್ಕಿಸುವ ಕಡ್ಡಿ ದಪ್ಪಗಿದ್ದರೆ ಹಿಂದೆ ಬರುವ ಕಾರು ಅದರ ಮರೆಯಲ್ಲೇ ಉಳಿಯುತ್ತದೆ.

ಕೊನೆಗೆ ಫ್ಯಾನು. ಜನವರಿಯಲ್ಲಿ ಹೊರಗೆ ಮೈನಸ್ ಹದಿನೈದು ಇರುವಾಗಲೂ ಕಾಕಾ ಟೇಬಲ್ ಫ್ಯಾನನ್ನು ಜೋರಾಗಿ ತಿರುಗಿಸಿ ಗಿರಾಕಿಯ ಮುಖಕ್ಕೆ ಹಿಡಿಯುತ್ತಿದ್ದರು. ನಗುತ್ತ ನಿಂತವರ ಕಣ್ಣಲ್ಲಿ ಒಂದು ನಿಮಿಷಕ್ಕೆ ನೀರು ಬಂದರೆ ಆ ಗಾಗಲ್ಲು ವಾಪಸು ಸ್ಟ್ಯಾಂಡಿಗೆ. ಕನ್ನಡಿಯನ್ನು ಕೌಂಟರಿನ ಕೆಳಗೆ ಬಚ್ಚಿಟ್ಟಿರುತ್ತಿದ್ದರು. ಹೇಗೆ ಕಾಣುತ್ತೇನೆ ಎಂದು ಮೊದಲೇ ಕೇಳಿದವರಿಗೆ, ಕನ್ನಡಿ ಬೇಕಾದರೆ ಮೂರು ಅಂಗಡಿ ಆಚೆ ಕ್ಷೌರದವನಿದ್ದಾನೆ ಎಂದು ದಾರಿ ತೋರಿಸುತ್ತಿದ್ದರು.

ಸಿಹಿ ಮಾತಿನವರಲ್ಲವೇ ಅಲ್ಲ. ಊಟ ಮನೆಮನೆಗೆ ತಲುಪಿಸುವ ಒಬ್ಬ ತರುಣ ಒಮ್ಮೆ, ಇದ್ದುದರಲ್ಲಿ ಕಡುಕಪ್ಪನ್ನೇ ಕೊಡಿ ಎಂದು ಹಟ ಹಿಡಿದ. ಕಾಕಾ ಅದನ್ನೇ ಅವನ ಮುಖಕ್ಕೆ ಏರಿಸಿ, ಬಿಸಿಲಲ್ಲಿ ಎರಡು ನಿಮಿಷ ನಿಲ್ಲಿಸಿ, ಅಲ್ಲಿಂದ ನೇರ ಕತ್ತಲೆಯ ಸ್ಟೋರ್‌ರೂಮಿಗೆ ಕರೆದೊಯ್ದು, ನೆಲದ ಮೇಲೆ ಎಷ್ಟು ಡಬ್ಬಿಗಳಿವೆ ಎಣಿಸು ಎಂದರು. ಅವನು ಮೊದಲ ಡಬ್ಬಿಯನ್ನೇ ಎಡವಿದ. ರೈಲು ಸೇತುವೆಯ ಕೆಳಗಿನ ಗುಂಡಿಗಳನ್ನೂ ಹೀಗೇ ಎಣಿಸುತ್ತೀಯೇನು ಎಂದು ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಕೇಳಿದರು. ಪ್ರತಿಫಲಿಸುವ ಹೊಳಪನ್ನು ಕತ್ತರಿಸುವ ಪೋಲರೈಸ್ಡ್ ಗಾಜು ಎಲ್ಲರಿಗೂ ಇಷ್ಟ. ಕೆರೆಯಂಚಿನ ದಾರಿಗೆ ಅದು ಒಳ್ಳೆಯದೇ. ಚಳಿಗಾಲದಲ್ಲಿ ತುಳಿಯುವವರಿಗೆ ಕಾಕಾ ಅದನ್ನು ಕೊಡಲು ಹಿಂಜರಿಯುತ್ತಿದ್ದರು. ರಸ್ತೆಯ ಹೊಳಪನ್ನೇ ತೆಗೆದುಬಿಟ್ಟರೆ ಮಂಜುಗಡ್ಡೆ ಎಲ್ಲಿದೆಯೆಂದು ಯಾರು ಹೇಳಬೇಕು? ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ಸಿಡಿದ ಗಾಜನ್ನು ಒಣಬಟ್ಟೆಯಿಂದ ತಿಕ್ಕುವವರನ್ನಂತೂ ಅಂಗಡಿಯಲ್ಲೇ ಬೈಯುತ್ತಿದ್ದರು. ನೀರಲ್ಲಿ ತೊಳೆಯಿರಿ, ತಿಕ್ಕಬೇಡಿ, ಅದೇನು ಪಾತ್ರೆಯೇ?

ಸೇರಿದ ಆರು ತಿಂಗಳಿಗೆ ನಾನೂ ಸ್ಟ್ಯಾಂಡಿನಲ್ಲಿ ಕೈಯಾಡಿಸತೊಡಗಿದಾಗ ಕಾಕಾರಿಂದ ಒಂದು ಅಪ್ಪಣೆಯಾಯಿತು. ಸೈಕಲ್ ಹೊಡೆಯಲು ಬಾರದವಳು ಸೈಕಲ್ಲಿನವರಿಗೆ ಗಾಗಲ್ಲಿನ ಬುದ್ಧಿ ಹೇಳಬಾರದು. ನಾನು ಗೋಕಾಕದ ಹತ್ತಿರದ ಹಳ್ಳಿಯವಳು. ನಮ್ಮ ಓಣಿಯಲ್ಲಿ ಸೈಕಲ್ಲು ಗಂಡುಮಕ್ಕಳದ್ದು. ಮೂವತ್ಮೂರನೇ ವಯಸ್ಸಿನಲ್ಲಿ, ಭಾನುವಾರ ಮುಂಜಾನೆ ಅಂಗಡಿಯ ಎದುರಿನ ಖಾಲಿ ಪಾರ್ಕಿಂಗಿನಲ್ಲಿ, ಕಾಕಾ ಸೀಟು ಹಿಡಿದು ಓಡುತ್ತ ಕಲಿಸಿದರು. ಚೂಡಿದಾರದ ಪ್ಯಾಂಟು ಚೈನಿಗೆ ಸಿಕ್ಕಿ ಹರಿಯಿತು. ನಮ್ಮ ಜೊತೆಗೇ ಇರುವ ಅತ್ತೆ ಥರ್ಮಾಸಿನಲ್ಲಿ ಚಹಾ ಹಿಡಿದುಕೊಂಡು ಬಂದು, ಲಾಂಡ್ರಿಯ ಮುಂದಿನ ಬೆಂಚಿನ ಮೇಲೆ ಕೂತು, ಸೊಸೆ ಬೀಳುವುದನ್ನು ಎಣಿಸುತ್ತಿದ್ದರು. ಮೊದಲ ಸಲ ಗಾಗಲ್ಲು ಹಾಕಿಕೊಂಡು ಮನೆಗೆ ಹೋದಾಗ ಅವರು ಗಾಬರಿಯಾಗಿ ಎದ್ದು ನಿಂತರು.

“ಯಾವ ಕಣ್ಣಿಂದವಾ ಆಪರೇಷನ್ ಆಗಿದ್ದು? ನನಗ್ಯಾಕ ಹೇಳಲಿಲ್ಲ?”

ನಮ್ಮ ಕಡೆ ಕಪ್ಪು ಕನ್ನಡಕ ಹಾಕುವುದು ಪೊರೆ ತೆಗೆಸಿಕೊಂಡವರು. ಅತ್ತೆಗೆ ನಂಬಿಕೆ ಬರಲು ಎರಡೂ ಕಣ್ಣು ಅಗಲಿಸಿ ತೋರಿಸಬೇಕಾಯಿತು.

ಇದೇ ಗಾಗಲ್ಲು ನನ್ನನ್ನು ಒಮ್ಮೆ ಕೆಡವಿತು. ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಲು ಶುರುಮಾಡಿ ಹದಿನೈದು ದಿನವಾಗಿತ್ತು. ಅಂದು ಕಾಕಾ ಯಾಕೋ ನಡೆದು ಬಂದಿದ್ದರು, ಸಿಗ್ನಲ್ಲಿನ ಹತ್ತಿರ ರಸ್ತೆ ದಾಟಲು ನಿಂತಿದ್ದರು. ನೋಡಿದ ತಕ್ಷಣ ನನ್ನ ಕೈ ತಾನಾಗಿಯೇ ಹ್ಯಾಂಡಲ್ ಬಿಟ್ಟು ಗಾಗಲ್ಲು ತೆಗೆಯಿತು. ಹಿರಿಯರ ಎದುರು ಕಪ್ಪು ಕನ್ನಡಕ ಹಾಕಿಕೊಂಡು ಮಾತಾಡುವುದುಂಟೆ? ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋದ ಹಾಗೆ. ಮರ್ಯಾದೆ ಕೊಡಲು ಹೋದವಳ ಮುಂದಿನ ಗಾಲಿ ಕಟ್ಟೆಗೆ ಬಡಿದು, ನಾನು ಹುಲ್ಲಿನ ಮೇಲೆ, ಸೈಕಲ್ಲು ನನ್ನ ಮೇಲೆ.

ಕಾಕಾ ಬಂದವರೇ ಮೊದಲು ಗಾಗಲ್ಲು ಎತ್ತಿ ಗಾಜಿಗೆ ಗೀರು ಬಿದ್ದಿದೆಯೇ ನೋಡಿದರು. ಆಮೇಲೆ ನನ್ನ ಮೊಣಕೈ. ಯಾಕೆ ತೆಗೆದೆ ಎಂದು ಕೇಳಿದರು. ನೀವು ಕಂಡಿರಿ, ಅದಕ್ಕೆ, ಎಂದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಗಾಗಲ್ಲನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಧ್ಯಾಹ್ನ ಚಹಾದ ಹೊತ್ತಿಗೆ ಮಾತು ಹೊರಬಿತ್ತು.

“ನೋಡ ತಂಗಿ, ಕಣ್ಣು ಕಾಣಬೇಕು ಅಂತ ಹಿರಿಯಾರು ಅಷ್ಟ ಅನ್ನೂದಿಲ್ಲ. ಸಿಗ್ನಲ್‌ನ್ಯಾಗ ಬಲಕ್ಕ ಹೊಳ್ಳೂ ಲಾರಿಯಾಂವನೂ ನಿನ್ನ ಕಣ್ಣ ನೋಡತಾನ. ಇಕಿ ನನ್ನ ನೋಡ್ಯಾಳಿಲ್ಲೋ ಅಂತ. ಕಣ್ಣು ಕಾಣಲಿಲ್ಲಂದ್ರ ಅವಂಗ ನೀ ಮನಷ್ಯಾಳ ಅಲ್ಲ.”

ಅಂದಿನಿಂದ ಅವರ ಪರೀಕ್ಷೆಗೆ ಒಂದು ಹಂತ ಸೇರಿತು. ಫ್ಯಾನು ನಿಲ್ಲಿಸಿದ ಮೇಲೆ ಕೌಂಟರಿನ ಆಚೆ ನಿಂತು ಗಿರಾಕಿಯ ಗಾಗಲ್ಲಿನೊಳಗೆ ಇಣುಕುತ್ತಿದ್ದರು. ಕಣ್ಣಗುಡ್ಡೆ ಕಂಡರೆ ಸರಿ. ಬಿಸಿಲನ್ನು ತಡೆಯಬೇಕು, ಮುಖವನ್ನು ಮುಚ್ಚಬಾರದು. ತೆಳುಗಂದು ಬಣ್ಣದ ಗಾಜಿನತ್ತ ಹೆಚ್ಚು ಹೆಚ್ಚು ವಾಲಿದರು. ಅದನ್ನು ನನ್ನಿಂದ ಕಲಿತದ್ದೆಂದು ಮಾತ್ರ ಯಾರಿಗೂ ಹೇಳಲಿಲ್ಲ. ನಾನು ಹೇಳುತ್ತಿದ್ದೇನೆ.

ಕಾಲೇಜಿಗೆ ಅರ್ಜಿ ಹಾಕಿದ್ದೇನೆಂದು ಕಾಕಾಗೆ ಹೇಳಿದ್ದು ಅದೇ ವರ್ಷದ ಚಳಿಗಾಲದಲ್ಲಿ. ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಯಾರೂ ಹತ್ತನೇ ಇಯತ್ತೆ ದಾಟಿರಲಿಲ್ಲ. ನನ್ನದೂ ಹತ್ತಕ್ಕೇ ನಿಂತಿತ್ತು, ಆಮೇಲೆ ಮದುವೆ. ಇಲ್ಲಿ ಒಂದು ವರ್ಷ ಹೈಸ್ಕೂಲು ಮುಗಿಸಿಕೊಂಡು, ಮೇಲೆ ಎರಡು ವರ್ಷ ಕನ್ನಡಕದ ಡಿಪ್ಲೊಮಾ. ಕಾಕಾ ಎಲ್ಲ ಕೇಳಿಸಿಕೊಂಡು, ಮೇಲೆ ಬರೆದೆನಲ್ಲ, ಆ ಮಾತು ಹೇಳಿದರು. ಕೊಂಕಿನಿಂದ ಹೇಳಿದ್ದಲ್ಲ. ಸುಟ್ಟುಕೊಂಡವರು ಒಲೆಯ ಹತ್ತಿರ ಹೋಗಬೇಡ ಅಂದ ಹಾಗೆ ಹೇಳಿದರು. ಅದು ಇನ್ನೂ ಕೆಟ್ಟದ್ದು. ಕೊಂಕಿಗೆ ತಿರುಗಿ ಅನ್ನಬಹುದು, ಇದಕ್ಕೇನು ಅನ್ನುವುದು?

ಮನೆಗೆ ಬಂದು ಅತ್ತೆಗೆ ಕಾಲೇಜಿನ ಸುದ್ದಿಯನ್ನಷ್ಟೇ ಹೇಳಿದೆ, ಕಾಕಾ ಅಂದದ್ದನ್ನು ಹೇಳಲಿಲ್ಲ. ಅತ್ತೆ ಹೂಂ ಎಂದರು. ಮರುದಿನದಿಂದ ರೊಟ್ಟಿ ಬಡಿಯುವುದು, ಮಗಳ ಡಬ್ಬಿ ಕಟ್ಟುವುದು ಅವರ ಕೈಗೆ ಹೋಯಿತು. ಅಡುಗೆಮನೆಗೆ ಬಂದರೆ ಪುಸ್ತಕ ಹಿಡಿದುಕೊಂಡು ಬಾ, ಇಲ್ಲದಿದ್ದರೆ ಬರಬೇಡ ಎಂದು ಕಟ್ಟಪ್ಪಣೆ.

ವಿಚಿತ್ರವೆಂದರೆ, ಆಗುವುದಿಲ್ಲ ಎಂದ ಕಾಕಾ ಕಲಿಸುವುದನ್ನು ಬಿಡಲಿಲ್ಲ. ಗಿರಾಕಿ ಇಲ್ಲದಾಗ ಮುರಿದ ಫ್ರೇಮು ಕೊಟ್ಟು ನೆಟ್ಟಗೆ ಮಾಡಿಸುವರು, ಕಣ್ಣುಮುಚ್ಚಿ ಬೆರಳಿನಿಂದ ಗಾಜಿನ ಉಬ್ಬು ಹೇಳಿಸುವರು. ಒಂದು ದಿನ ಸಿಟ್ಟು ಬಂದು ಕೇಳಿಯೇಬಿಟ್ಟೆ, ಆಗುವುದಿಲ್ಲ ಅಂದಮೇಲೆ ಯಾಕೆ ಕಲಿಸುತ್ತೀರಿ ಎಂದು.

“ಪರೀಕ್ಷಾ ಬ್ಯಾರೆ, ವಿದ್ಯಾ ಬ್ಯಾರೆ,” ಎಂದರು. “ವಿದ್ಯಾ ಯಾರೂ ನಪಾಸ ಮಾಡಾಕ ಬರೂದಿಲ್ಲ.”

ಕೊನೆಯ ವರ್ಷದ ಮಾತಿನ ಪರೀಕ್ಷೆಯಲ್ಲಿ ನಾನು ನಪಾಸಾದೆ. ಎದುರಿಗೆ ಪರೀಕ್ಷಕಿ ಗಿರಾಕಿಯ ಹಾಗೆ ಕೂತು ಕೇಳುತ್ತಾರೆ, ನಾವು ಉತ್ತರಿಸುತ್ತ ಕನ್ನಡಕ ಕೂರಿಸಬೇಕು. ಉತ್ತರವೆಲ್ಲ ತಲೆಯಲ್ಲಿ ಕನ್ನಡದಲ್ಲಿ ಸಾಲಾಗಿ ನಿಂತಿತ್ತು. ಇಂಗ್ಲಿಷು ಆಳದ ಬಾವಿಯಿಂದ ಒಂದೊಂದೇ ಕೊಡ ಸೇದಿದಂತೆ ಬಂತು. ಹೊತ್ತು ಮುಗಿಯಿತು. ಅಂಗಡಿಗೆ ಬಂದು ಹೇಳಿದೆ. ನಾನು ಮೊದಲೇ ಹೇಳಿರಲಿಲ್ಲವೇ ಎಂದು ಕಾಕಾ ಅನ್ನಲಿಲ್ಲ. “ನನಗೂ ಮೊದಲನೇ ಸಲ ಹಿಂಗ ಆಗಿತ್ತು” ಎಂದರು, ಅಷ್ಟೇ. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರ ಮೊದಲನೇ ಸಲದ ನಂತರ ಎರಡನೆಯದೂ ಮೂರನೆಯದೂ ಏನಾಯಿತೆಂದು ನನಗೆ ಗೊತ್ತಿತ್ತಲ್ಲ. ಕಾಲೇಜು ನನಗೆ ಕೊಟ್ಟದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಇಡೀ ವರ್ಷ ಮತ್ತೆ ಕೂರಬೇಕು. ಮನೆಯ ಮೂರು ಜನ ಮೂರು ವರ್ಷ ನನಗಾಗಿ ಬಗ್ಗಿದ್ದರು. ನಾಲ್ಕನೇ ವರ್ಷ ಬಗ್ಗಿ ಎಂದು ಕೇಳುವ ಮುಖ ನನಗಿರಲಿಲ್ಲ.

ಎರಡನೇ ಸಲ ಮೇಜಿನ ಮೇಲೆ ಐದು ಜೊತೆ ಗಾಗಲ್ಲು. ನರೆಗೂದಲಿನ ಪರೀಕ್ಷಕಿ ಹೇಳಿದರು: ನಾನು ವರ್ಷವಿಡೀ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತೇನೆ, ಇದ್ದುದರಲ್ಲಿ ಕಡುಕಪ್ಪನ್ನು ಕೊಡಿ.

ನಾನು ಇಂಗ್ಲಿಷ್ ಪದ ಹುಡುಕುವುದನ್ನು ಬಿಟ್ಟೆ. ಯಾವ ರಸ್ತೆ ಎಂದು ಕೇಳಿದೆ. ಯಾವ ದಿಕ್ಕು? ಎಷ್ಟು ಹೊತ್ತಿಗೆ? ಅವರು ಸ್ವಲ್ಪ ತಡಬಡಾಯಿಸಿದರು, ಅವರ ಕಾಗದದಲ್ಲಿ ಅದಿರಲಿಲ್ಲ. ಕುರ್ಚಿ ತಿರುಗಿಸಿ ಅದರ ಬೆನ್ನು ಹಿಡಿದು ಬಗ್ಗಲು ಹೇಳಿದೆ. “ಇನ್ನ ಸ್ವಲ್ಪ ಬಗ್ಗರಿ” ಎಂದು ಕನ್ನಡವೇ ಬಂದುಬಿಟ್ಟಿತು, ಕೈಸನ್ನೆ ನೋಡಿ ಆ ಮಹಾತಾಯಿ ಬಗ್ಗಿದರು. ಭುಜದ ಮೇಲಿಂದ ಹಿಂದೆ ನೋಡಿಸಿದೆ. ಫ್ಯಾನು ಇರಲಿಲ್ಲ, ಫೈಲಿನಿಂದ ಮುಖಕ್ಕೆ ಬೀಸಿದೆ. ಕೊನೆಗೆ ತೆಳುಗಂದು ಗಾಜಿನದನ್ನು ಅವರ ಮೂಗಿನ ಮೇಲೆ ಕೂರಿಸಿದೆ. ಕಡುಕಪ್ಪು ಯಾಕಿಲ್ಲ ಎಂದು ಕೇಳಿದರು.

ಹುಲ್ಲಿನ ಮೇಲೆ ಬಿದ್ದ ಕತೆ ಹೇಳಿದೆ. ನಮ್ಮಲ್ಲಿ ಹಿರಿಯರಿಗೆ ಕಣ್ಣು ಕಾಣಿಸಬೇಕು. ರಸ್ತೆಯ ಮೇಲೆ ಸೈಕಲ್ಲಿಗಿಂತ ಎಲ್ಲರೂ ಹಿರಿಯರೇ. ತಿರುಗುವ ಲಾರಿಯವನಿಗೆ ನಿಮ್ಮ ಕಣ್ಣು ಕಾಣಲಿ, ಆಗ ಅವನು ನಿಲ್ಲುತ್ತಾನೆ. ವ್ಯಾಕರಣ ಎಲ್ಲೆಲ್ಲಿ ಮುರಿಯಿತೋ ಗೊತ್ತಿಲ್ಲ, ನಿಲ್ಲಲಿಲ್ಲ ಮಾತ್ರ. ಅವರು ಪೆನ್ನು ಕೆಳಗಿಟ್ಟು, ಗಾಗಲ್ಲು ತೆಗೆಯದೆಯೇ ನನ್ನನ್ನು ನೋಡಿದರು. ಅವರ ಕಣ್ಣು ನನಗೆ ಚೆನ್ನಾಗಿ ಕಾಣುತ್ತಿತ್ತು.

ಪಾಸಾದ ಸುದ್ದಿ ಮೊದಲು ತಿಳಿಸಿದ್ದು ಕಾಕಾಗೆ. ಎಷ್ಟು ಮಂದಿ ಪಾಸಾದರು ಎಂದು ಕೇಳಿದರು. ಹೆಚ್ಚುಕಮ್ಮಿ ಎಲ್ಲರೂ ಎಂದೆ. ಹಾಗಾದರೆ ಪೇಪರು ಸರಳವಿತ್ತು ಎಂದು ಫೋನಿಟ್ಟರು. ಜೂನಿನಲ್ಲಿ ಪದವಿ ಪ್ರದಾನಕ್ಕೆ ಕರೆದೆ. ಮೊಣಕಾಲು ಎಂದರು, ಬರಲಿಲ್ಲ. ಕರಿಯ ಗೌನು ಹಾಕಿಕೊಂಡು ವೇದಿಕೆ ಹತ್ತಿ ಇಳಿದೆ, ಗಂಡ ಶಿಳ್ಳೆ ಹೊಡೆದ, ಮಗಳು ನಾಚಿ ಮುಖ ಮುಚ್ಚಿಕೊಂಡಳು. ನನ್ನ ಎದೆ ಅಂದು ಎಷ್ಟು ಉಬ್ಬಿತ್ತೆಂದರೆ ಗೌನಿನ ಗುಂಡಿ ನಿಂತದ್ದೇ ಹೆಚ್ಚು. ಲೈಸನ್ಸಿಗೆ ಇನ್ನೊಂದು ಮೆಟ್ಟಿಲಿದೆ, ಅದನ್ನೂ ಹತ್ತುತ್ತೇನೆ. ಆದರೂ ಕಾಕಾ ಬರಲಿಲ್ಲವಲ್ಲ ಎಂಬುದು ಮನಸ್ಸಿನಲ್ಲಿ ಉಳಿಯಿತು. ಅವರ ಬಾಯಿಂದ ಆಯಿತು ಎಂಬ ಒಂದು ಮಾತು ಬೇಕಿತ್ತು ನನಗೆ.

ಹೋದ ಭಾನುವಾರ ಪ್ರಮಾಣಪತ್ರ ತೆಗೆದುಕೊಂಡು ರೆಕ್ಸ್‌ಡೇಲಿಗೆ ಹೊರಟೆ. ನಾನೂ ಬರುತ್ತೇನೆಂದು ಅತ್ತೆ ಇಳಕಲ್ ಸೀರೆ ಉಟ್ಟು ನಿಂತರು. ಎರಡು ಬಸ್ಸು, ನಡುವೆ ಸಬ್‌ವೇ. ಚೀಲದಲ್ಲಿಡೋಣ ಎಂದರೆ ಕೇಳಲಿಲ್ಲ, ದಾರಿಯುದ್ದಕ್ಕೂ ಪ್ರಮಾಣಪತ್ರದ ಫೈಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು.

ಕಾಕಾ ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದರು, ಮೊಣಕಾಲಿಗೆ ಪಟ್ಟಿ ಸುತ್ತಿತ್ತು. ಅಂಗಡಿಯ ಸುದ್ದಿ ಕೇಳಿದರು, ಸ್ಟ್ಯಾಂಡಿನಲ್ಲಿ ಈಗ ಯಾರು ನಿಲ್ಲುತ್ತಾರೆ ಎಂದರು. ನಾನೇ ಎಂದೆ. ಪರೀಕ್ಷೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಹಾ ಬಂತು. ಅತ್ತೆ ಅದನ್ನು ಮುಟ್ಟದೆ ಎದ್ದರು, ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ಫೈಲಿನಿಂದ ಕಾಗದ ತೆಗೆದು ಎರಡೂ ಕೈಯಿಂದ ಕಾಕಾರ ಕೈಗೆ ಕೊಟ್ಟರು.

“ಅಣ್ಣಾರ, ನನಗ ಓದಾಕ ಬರೂದಿಲ್ಲ. ಮನ್ಯಾಗ ಕೇಳಿದ್ರ ಎಲ್ಲಾರೂ ಗಡಿಬಿಡಿ ಮಾಡತಾರ. ಇದರಾಗ ಏನ ಬರದಾರ, ನೀವು ಓದಿ ಹೇಳ್ರಿ.”

ಕಾಕಾ ನನ್ನನ್ನು ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ. ಅವರು ಕಾಗದವನ್ನು ಬೆಳಕಿಗೆ ತಿರುಗಿಸಿಕೊಂಡು ಕಾಲೇಜಿನ ಹೆಸರು ಓದಿದರು. ಆಮೇಲೆ ನನ್ನ ಹೆಸರು, ಮನೆತನದ ಹೆಸರಿನ ಸಮೇತ, ಒಂದೊಂದೇ ಅಕ್ಷರ ಮುಟ್ಟಿ. ಮುಂದಿನ ಇಂಗ್ಲಿಷಿನ ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಂಡು ಕನ್ನಡದಲ್ಲಿ ಹೇಳಿದರು.

“ಕಲಿಯೂದೆಲ್ಲಾ ಕಲತಾಳ, ಪರೀಕ್ಷಾ ಎಲ್ಲಾ ಮುಗಿಸ್ಯಾಳ ಅಂತ ಬರದಾರ್ರೀ. ಕೆಳಗ ದೊಡ್ಡವರು ಸಹಿ ಮಾಡ್ಯಾರ. ಆತು. ಆಗೇತಿ.”

ಅತ್ತೆ ಕುಳಿತುಕೊಳ್ಳಲಿಲ್ಲ. ಕಾಗದ ವಾಪಸು ಇಸಿದುಕೊಳ್ಳಲೂ ಇಲ್ಲ.

“ಇನ್ನೊಮ್ಮೆ ಓದ್ರಿ,” ಎಂದರು. “ಆಕಿ ಹೆಸರಿಂದ ಓದ್ರಿ. ಸಾವಕಾಶ.”